ನಾಲ್ಕು ಗುಡ್ಡೆ ಮಣ್ಣು

ಬೆಳಿಗ್ಗೆ ಬಂದು ನೋಡಿದರೆ ಗೋಡೆಯೇ ಇಲ್ಲ!

ಇಟ್ಟಿಗೆ ಗೋಡೆಯಲ್ಲ. ಪುರಾತನ ಪಟ್ಟಣದ ದಿಬ್ಬ ಅಗೆಯುವವರು ಯಾವ ಕಾಲದ ಮೇಲೆ ಯಾವ ಕಾಲ ಅನ್ನೋದಕ್ಕೆ ಸಾಕ್ಷಿಗೆಂದು ಮುಟ್ಟದೆ ಬಿಟ್ಟಿದ್ದ ಮಣ್ಣಿನ ಗೋಡೆ. ಬುಡದಲ್ಲಿ ಗುಡಿಸಲುಗಳ ಬೂದಿ, ಅದರ ಮೇಲೆ ಕಣಜದ ಸುಟ್ಟ ಕಾಳು, ಆಮೇಲೆ ಇಟ್ಟಿಗೆ ಮನೆ, ತುದಿಯಲ್ಲಿ ವೈಭವ ಕಾಲದ ಸಭಾಂಗಣದ ಸುಣ್ಣ. ಬೇರೆ ಕಡೆಯೆಲ್ಲ ಪಟ್ಟಣ ಕಟ್ಟಿದವರೇ ತಳಪಾಯಕ್ಕೆ ಅಗೆದು ಕಲಸಿಬಿಟ್ಟಿದ್ದರು. ಉಳಿದಿದ್ದದ್ದು ಇದೊಂದೇ.

“ಗುಡಿಸಲಲ್ಲಿದ್ದೋರ ಮಕ್ಕಳು ಮರಿಮಕ್ಕಳೇ ಸಭಾಂಗಣ ಕಟ್ಟಿದ್ದು ಅಂತ ಜೀವಮಾನವೆಲ್ಲ ಹೇಳ್ಕೊಂಡು ಬಂದೆ ಇನ್‌ಸ್ಪೆಕ್ಟ್ರೇ,” ಅಂದರು ಮೇಷ್ಟ್ರು. ಅಗೆತದ ಮುಖ್ಯಸ್ಥರು, ಕಣ್ಣು ಮಂಜಾದ ಮುದುಕರು. “ನಾಳೆ ಪಂಡಿತರೆಲ್ಲ ನೋಡೋಕೆ ಬರ್ತಿದ್ರು. ಫೋಟೊನೂ ನಾಳೆಯೇ.”

“ಎಲ್ಲಾ ಗುಡುಗನ ಕೆಲಸ,” ಅಂದರು ನಕ್ಷೆ ಬರೆಯುವ ಅವರ ತಂಗಿ, ತಲೆ ಎತ್ತದೆ.

* * *

ಗುಡುಗ ಅಂದರೆ ಮೇಷ್ಟ್ರ ವಾದಕ್ಕೆ ಎದುರು ನಿಂತ ಪಂಡಿತ. ಹೊರಗಿನವರು ಬಂದು ಪಟ್ಟಣ ಕಟ್ಟಿದರು ಅನ್ನುವಾತ. ಅಡ್ಡಹೆಸರಿಗೆ ತಕ್ಕ ಗಂಟಲು.

“ನಾನ್ಯಾಕ್ರೀ ಕೆಡವಲಿ? ನಾಳೆ ಅದರ ಮುಂದೆ ನಿಂತು ಮೇಷ್ಟ್ರ ಜೊತೆ ಜಗಳ ಆಡಬೇಕಿತ್ತು!”

ಜಗಳಕ್ಕೆಂದು ಬರೆದಿಟ್ಟಿದ್ದ ಕಾಗದದ ಕಟ್ಟನ್ನು ನನ್ನ ಮುಂದೆ ಕುಕ್ಕಿದ. ನನ್ನ ತಲೆ ಕೆಟ್ಟುಹೋಯಿತು.

* * *

ಗೋಡೆ ಇದ್ದ ಗುಂಡಿಗೆ ಮತ್ತೆ ಇಳಿದೆ. ಸಾಲಾಗಿ ಐದು ಗೋಣಿತಾಟು. ನಾಲ್ಕರ ಮೇಲೆ ಕೆಡವಿದ ಮಣ್ಣು: ಬೂದಿ, ಕಾಳು, ಇಟ್ಟಿಗೆ ಚೂರು, ಸುಣ್ಣ, ಬೇರೆಬೇರೆ ಗುಡ್ಡೆ. ಕಾಳಿಗೂ ಇಟ್ಟಿಗೆಗೂ ನಡುವಿನದು ಖಾಲಿ. ಕೈಯಾಡಿಸಿದೆ. ಬಿಳಿ ಮರಳು ಅಂಟಿತು.

“ಅಮ್ಮಾ, ಹಾಳು ಮಾಡೋಕೆ ಬಂದವರು ಮಣ್ಣನ್ನ ಪದರ ಪದರವಾಗಿ ವಿಂಗಡಿಸ್ತಾರಾ?” ಅಂದೆ, ಅಲ್ಲೇ ನಕ್ಷೆ ಬರೆಯುತ್ತಿದ್ದ ಮೇಷ್ಟ್ರ ತಂಗಿಗೆ. “ಕೈಗೆ ಅಭ್ಯಾಸ ಆದೋರು ಮಾತ್ರ. ನಡುವೆ ಮರಳಿದ್ದರೆ ಊರು ನಡುವೆ ತುಂಡಾಗಿತ್ತು ಅಂತ; ಅದು ಗುಡುಗನಿಗೆ ಬೇಕಾದ ಸಾಕ್ಷಿ, ಅವನು ಬಚ್ಚಿಡಲ್ಲ. ನಿಮ್ಮ ಬೂಟಿನ ತುಂಬ ಅದೇ ಮರಳು.”

ಅವರು ಖಾಲಿ ತಾಟಿನ ಪಕ್ಕ ಕೂತರು.

“ನೆರೆ ಮರಳು. ಹಳ್ಳಿ ಮುಳುಗಿ ಎಷ್ಟೋ ತಲೆಮಾರು ಹಾಳು ಬಿದ್ದಿತ್ತು. ಆಮೇಲೆ ಬಂದೋರು ಬೇರೆಯೋರು. ಅಣ್ಣನಿಗೆ ಕಣ್ಣು ಕಾಣಲ್ಲ. ಈ ವಯಸ್ಸಲ್ಲಿ ನಾಲ್ಕು ಜನರೆದುರು ಅದನ್ನ ಕೇಳಿಸ್ಕೋಬೇಕಾ? ಮರಳನ್ನ ಹೊಳೆಗೆ ಸುರಿದುಬಿಟ್ಟೆ.”

ಮೇಷ್ಟ್ರು ಗುಂಡಿಯ ಅಂಚಿನಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು.

“ಮೊನ್ನೆ ಗೋಡೆ ಸವರುವಾಗ್ಲೇ ಮರಳು ಬೆರಳಿಗೆ ಸಿಕ್ತು ಕಣೇ. ನಾನೇ ತಪ್ಪು ಅಂತ ನಾಳೆ ನಾನೇ ಹೇಳೋಣ ಅಂತಿದ್ದೆ.” ಗೋಡೆ ಇದ್ದ ಕಡೆಗೆ ಕೈ ಚಾಚಿದರು. “ಇನ್ನು ಏನು ತೋರಿಸಿ ಹೇಳಲಿ?”

ಅಯ್ಯೋ ಅನ್ನಿಸಿತು ನನಗೆ. ಕೇಸು ಮುಗಿದಿತ್ತು. ಮೇಷ್ಟ್ರು ತಡವರಿಸುತ್ತ ಇಳಿದು ಬಂದು ತಂಗಿಯ ಪಕ್ಕ ಕೂತರು. ಒಂದೊಂದೇ ತಾಟು ಸವರುತ್ತ ಹೋದರು. ನಡುವಿನದು ಸಿಕ್ಕಾಗ ಕೈ ನಿಂತಿತು.