ಕೊಟ್ಟಿಗೆಯ ಬಲ್ಬು

"ನಿನ್ನ ಅಮ್ಮನನ್ನು ತಿಂದ ಮೃಗದ ಫೋಟೊ ಹೊಡೆಯುತ್ತೀಯಲ್ಲ, ನಾಚಿಕೆ ಅಂತ ಏನಾದರೂ ಉಂಟಾ ನಿನಗೆ?" ಗುಣಪಾಲ ಚಹಾದ ಲೋಟವನ್ನು ಮೇಜಿಗೆ ಕುಕ್ಕಿದ. ಅರ್ಧ ಚಹಾ ಮಗಳ ಲ್ಯಾಪ್‌ಟಾಪಿನ ಪಕ್ಕ ಚೆಲ್ಲಿತು.

"ತಿನ್ನಲಿಲ್ಲ ಪಪ್ಪಾ. ಮುಟ್ಟಲೂ ಇಲ್ಲ." ಮಾನಸಿ ಚೆಲ್ಲಿದ್ದನ್ನು ದುಪಟ್ಟಾದಲ್ಲಿ ಒರೆಸಿದಳು. "ಅಮ್ಮ ಜಾರಿ ಬಿದ್ದದ್ದು."

"ಯಾಕೆ ಬಿದ್ದಳು? ಚಿರತೆ ಬಂತು, ಆಡು ಕೂಗಿತು, ಅವಳು ಓಡಿದಳು, ಬಿದ್ದಳು. ಸೊಂಟ ಮುರಿದು ತಿಂಗಳು ಆಸ್ಪತ್ರೆಯಲ್ಲಿ ಮಲಗಿ ಹೋದಳು. ಏಳನೇ ಕ್ಲಾಸು ಓದಿದ ನನಗೆ ಅರ್ಥ ಆಗುತ್ತದೆ. ಎಂಎಸ್ಸಿ ಮಾಡಿದ ನಿನಗೆ ಆಗುವುದಿಲ್ಲ!"

"ಅದು ಬೇರೆ, ಇದು ಬೇರೆ. ಆವತ್ತಿನದ್ದು ಗಂಡು, ಮಲಂಗಗಡ ಬೆಟ್ಟದ ಆಚೆ ಹೋಗಿ ಒಂದೂವರೆ ವರ್ಷ ಆಯ್ತು. ಇದು ಹೆಣ್ಣು. ಚುಕ್ಕೆ ಮ್ಯಾಚ್ ಮಾಡಿ ನೋಡಿದ್ದೇನೆ."

"ಚುಕ್ಕೆ ಎಣಿಸಿಕೊಂಡು ಕೂತುಕೋ ಮಾರಾಯ್ತಿ! ನನಗೆ ಎಲ್ಲ ಒಂದೇ ಜಾತಿ. ಊರಿಗೆಲ್ಲ ಪಾಠ ಹೇಳುತ್ತೀಯಲ್ಲ, ಚಿರತೆ ಜೊತೆ ಹೊಂದಿಕೊಂಡು ಬಾಳಿ ಅಂತ? ನಿನ್ನ ಮನೆಯಲ್ಲಿ ಒಂದು ಹೆಣ ಬಿದ್ದಿದೆ, ಅದರ ಜೊತೆ ಹೇಗೆ ಬಾಳುವುದು, ಅದನ್ನು ಹೇಳು."

"ಬಸ್ ಪಪ್ಪಾ, ಬಸ್." ಮಾನಸಿ ಎದ್ದು ನಿಂತಳು. "ಕೊಟ್ಟಿಗೆಯ ಬಲ್ಬು ಹೋಗಿ ಹನ್ನೆರಡು ದಿನ ಆಗಿತ್ತು. ಅಮ್ಮ ದಿನಾ ಹೇಳುತ್ತಿದ್ದಳು. ನಾನೂ ಹೇಳಿದ್ದೆ. ಅದನ್ನು ಹಾಕಬೇಕಾದದ್ದು ಯಾರು? ಚಿರತೆಯಾ?"

ಎರಡು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಮಾನಸಿ ಬ್ಯಾಗು ಹೆಗಲಿಗೇರಿಸಿ ಠಾಣೆಯ ನೌಪಾಡಾದಲ್ಲಿದ್ದ ಆಫೀಸಿಗೆ ಹೊರಟಳು. ಚಿರತೆ ಇರುವ ಊರುಗಳಿಗೆ ಹೋಗಿ ಜನರಿಗೆ ತಿಳುವಳಿಕೆ ಹೇಳುವುದು, ಅರಣ್ಯ ಇಲಾಖೆಯ ಪರವಾಗಿ ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದು ಅವಳ ಕೆಲಸ.

ಮಗಳ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಹೊತ್ತು ಇರಲು ಸಾಧ್ಯ? ಸಂಜೆಯೊಳಗೆ ಆ ಸಿಟ್ಟು ಪೂರ್ತಿ ಚಿರತೆಯ ಮೇಲೆ ಹೋಗಿ ಕೂತಿತ್ತು. ಗುಣಪಾಲ ತೀರ್ಮಾನಿಸಿದ್ದು ಆವತ್ತೇ. ಕೊಲ್ಲಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹದಿನಾಲ್ಕನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಹೋಟೆಲಿನಲ್ಲಿ ಮೇಜು ಒರೆಸಿದವನು, ಇಪ್ಪತ್ತೈದು ವರ್ಷದಿಂದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಂಟೀನು ನಡೆಸುವವನು ಅವನು. ಮಲಂಗಗಡದ ಬುಡದಲ್ಲಿ ಇಪ್ಪತ್ತು ಗುಂಟೆ ಜಾಗ ತೆಗೆದು ಮನೆ ಕಟ್ಟಿದ್ದು ಹೆಂಡತಿ ಜಯಲತಾಳಿಗಾಗಿ. ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಇದ್ದೂ ಇದ್ದೂ ಅವಳಿಗೆ ಮಣ್ಣು ಬೇಕಾಗಿತ್ತು. ನಾಲ್ಕು ಆಡು ತಂದಳು. ಅದರಲ್ಲಿ ಚಂದ್ರಿ ಅನ್ನುವ ಬಿಳಿ ಆಡು ಅವಳ ಸೆರಗು ಬಿಟ್ಟು ಇರುತ್ತಿರಲಿಲ್ಲ.

ಈಗ ಅವಳು ಗೋಡೆಯ ಮೇಲಿನ ಫೋಟೊದಲ್ಲಿದ್ದಳು. ಶುಕ್ರವಾರ ಬಂತೆಂದರೆ ಗುಣಪಾಲ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಊರಿನವರ ಅಂಗಡಿಯಿಂದ ಬಾಳೆಲೆಯ ಕಟ್ಟೊಂದನ್ನು ತರುತ್ತಿದ್ದ. ಒಳಗೆ ರೈಲಿನಲ್ಲಿ ಬಂದ ಶಂಕರಪುರದ ಮಲ್ಲಿಗೆ. ಜಯಲತಾ ಬದುಕಿದ್ದಾಗ ಹೂ ಬಾಡಿದ ಮೇಲೆ ಅದರ ಬಾಳೆನಾರನ್ನು ಬಿಡಿಸಿ, ತೊಳೆದು, ಮಗಳ ಜಡೆಯ ತುದಿಗೆ ಕಟ್ಟುತ್ತಿದ್ದಳು. ಶಾಲೆಯ ಮಕ್ಕಳು "ಕೇಳ್ಯಾಚಿ ಶೇಪಟಿ" ಎಂದು, ಅಂದರೆ ಬಾಳೆಯ ಬಾಲ ಎಂದು, ನಗಾಡಿ ಮಾನಸಿ ಅತ್ತುಕೊಂಡು ಬರುತ್ತಿದ್ದಳು. ಗುಣಪಾಲನಿಗೆ ಈಗ ಆ ಅಳುವೂ ಬೇಕಿತ್ತು.

ಯೋಜನೆಗೆ ಅವನು ಎರಡು ತಿಂಗಳು ಕೊಟ್ಟ. ಸಿಟ್ಟಿನ ಮನುಷ್ಯ ಅವಸರ ಮಾಡುತ್ತಾನೆ ಅಂತ ಲೋಕ ತಿಳಿದಿದೆ. ಸಾವಿರ ಜನರ ಊಟಕ್ಕೆ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದವನಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಅವನು ಕಾದದ್ದು ಟ್ಯಾಂಕರಿಗೆ. ಯಾವ ಕಾರ್ಖಾನೆಯದು ಎಂದು ಯಾರಿಗೂ ಗೊತ್ತಿಲ್ಲದ ಟ್ಯಾಂಕರುಗಳು ವರ್ಷಕ್ಕೆರಡು ಸಲ ಕದ್ದು ಬಂದು ಊರ ಹೊರಗಿನ ನಾಲೆಗೆ ಕೆಮಿಕಲ್ ಸುರಿದು ಹೋಗುತ್ತಿದ್ದವು. ಅಂಥದ್ದೇ ಸರಕಿನ ಒಂದು ಹಳೇ ಡ್ರಮ್ಮು ಬಾಗಿಲು ಮುಚ್ಚಿದ ಶೆಡ್ಡೊಂದರ ಹಿಂದೆ ಬಿದ್ದಿರುವುದು ಗುಣಪಾಲನಿಗೆ ಗೊತ್ತಿತ್ತು. ಒಂದು ಬಾಟಲಿ ತುಂಬಿಸಿ ಇಟ್ಟುಕೊಂಡ. ನಾಳೆ ಚಿರತೆಯ ಹೊಟ್ಟೆಯಲ್ಲಿ ಏನು ಸಿಕ್ಕಿದರೂ ನಾಲೆಯ ನೀರಿನಲ್ಲೂ ಅದೇ ಸಿಗಬೇಕು. ಲ್ಯಾಬಿನವರು ತಲೆ ಕೆರೆದುಕೊಳ್ಳುವ ಕೆಲಸವೇ ಇರಬಾರದು.

ಕ್ಯಾಮೆರಾಗಳ ಜಾಗವನ್ನು ಮಗಳೇ ಊಟ ಮಾಡುತ್ತ ಹೇಳಿದ್ದಳು. ಒಂದು ಮಾವಿನ ಮರಕ್ಕೆ, ಇನ್ನೊಂದು ಮೋರಿಯ ಕಂಬಕ್ಕೆ. ಎರಡೂ ದಾರಿಯ ಕಡೆ ಮುಖ ಮಾಡಿದ್ದವು. ನಾಲೆಯ ಪಾತ್ರದಲ್ಲಿ ಕಲ್ಲಿನಿಂದ ಕಲ್ಲಿಗೆ ನಡೆದರೆ ಯಾವ ಕಣ್ಣಿಗೂ ಬೀಳುವುದಿಲ್ಲ, ಹೆಜ್ಜೆಯೂ ಮೂಡುವುದಿಲ್ಲ.

ಫೆಬ್ರುವರಿಯ ಒಂದು ಮಂಗಳವಾರ ಟ್ಯಾಂಕರು ಬಂದು ಹೋಯಿತು. ನಾಲೆಯ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಮರಾಠಿ ಪೇಪರಿನಲ್ಲಿ ಫೋಟೊ ಬಂತು. ಶುಕ್ರವಾರ ಮಾನಸಿ ಮುರ್ಬಾಡಿನ ಕ್ಯಾಂಪಿಗೆ ಹೋದಳು, ಭಾನುವಾರ ಬರುವವಳು.

ಆ ಸಂಜೆ ಗುಣಪಾಲ ಕೊಟ್ಟಿಗೆಗೆ ಹೋದ. ಹೆಂಡತಿ ಸತ್ತ ಮರುದಿನವೇ ಹಾಕಿದ ಬಲ್ಬು ಅಲ್ಲಿ ಎರಡು ವರ್ಷದಿಂದ ಒಂದು ರಾತ್ರಿಯೂ ಆರಿರಲಿಲ್ಲ. ಕೈಗೆ ಬಟ್ಟೆ ಸುತ್ತಿ ಅದನ್ನು ಅರ್ಧ ಸುತ್ತು ತಿರುಗಿಸಿದ. ಕತ್ತಲೆಯಾಯಿತು. ಬಾಗಿಲಿನ ಚಿಲಕ ಹಾಕಲಿಲ್ಲ. ಚಂದ್ರಿಯನ್ನು ಬಾಗಿಲಿನ ಹತ್ತಿರ ಕಟ್ಟಿದ. ಅದು ಅವನ ಅಂಗೈ ನೆಕ್ಕಿತು. "ಸುಮ್ಮನಿರು" ಎಂದು ಗದರಿಸಿ ಒಳಗೆ ಬಂದು, ಕಿವಿಗೆ ದಿಂಬು ಒತ್ತಿಕೊಂಡು ಮಲಗಿದ. ಆದರೂ ಆ ಕೂಗು ಕೇಳಿಸಿತು.

ಬೆಳಗ್ಗೆ ಚಿರತೆ ಚಂದ್ರಿಯನ್ನು ಎಳೆದುಕೊಂಡು ಹೋದ ಗುರುತು ನಾಲೆಯ ದಡದ ಪೊದೆಯವರೆಗೆ ಇತ್ತು. ಅರ್ಧ ತಿಂದಿತ್ತು. ಉಳಿದದ್ದಕ್ಕೆ ಸಂಜೆ ಬಂದೇ ಬರುತ್ತದೆ. ಇದನ್ನೂ ಹೇಳಿಕೊಟ್ಟವಳು ಮಾನಸಿಯೇ.

ಮೊಬೈಲನ್ನು ಕ್ಯಾಂಟೀನಿನ ಡ್ರಾಯರಿನಲ್ಲಿ ಚಾರ್ಜಿಗೆ ಹಾಕಿಡುವುದು. ಸ್ಕೂಟರನ್ನು ಡೊಂಬಿವಲಿ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು ಸಮಯ ಅಚ್ಚಾದ ಚೀಟಿ ಇಸಿದುಕೊಳ್ಳುವುದು. ಮುಖಕ್ಕೆ ಕರ್ಚೀಫು ಕಟ್ಟಿ ಶೇರ್ ರಿಕ್ಷಾ ಹತ್ತುವುದು. ಶೀಳ್ ರಸ್ತೆಯ ಧೂಳಿಗೆ ಕರ್ಚೀಫು ಕಟ್ಟದವನನ್ನೇ ಜನ ನೋಡುತ್ತಾರೆ. ಒಂದು ಮೈಲು ಮೊದಲೇ ಇಳಿದು, ಉಲ್ಹಾಸನಗರದಲ್ಲಿ ಕೊಂಡ ಗಮ್‌ಬೂಟು, ಕೈಗವಸು ಹಾಕಿ, ಹತ್ತಿರದ ಪಾಡಾದ, ಅಂದರೆ ಹಾಡಿಯ, ಆದಿವಾಸಿಗಳು ಕೂಲಿಗೆ ಹೋಗಿರುವ ನಡುಹಗಲಿನಲ್ಲಿ ಬಾಟಲಿಯದ್ದನ್ನು ಉಳಿದ ಮಾಂಸಕ್ಕೆ ಸುರಿದು ಕೆಲಸ ಮುಗಿಸುವುದು. ಹೇಗೆ ಯೋಚಿಸಿದ್ದನೋ ಹಾಗೇ ಎಲ್ಲ ನಡೆಯಿತು. ಚಂದ್ರಿಯ ತಲೆಯ ಕಡೆ ಮಾತ್ರ ಅವನು ನೋಡಲಿಲ್ಲ.

ಯೋಜನೆಯಲ್ಲಿ ಇಲ್ಲದ್ದು ಒಂದೇ ಒಂದು ಕೆಲಸ. ನಾಲೆಯ ತಿರುವಿನಲ್ಲಿ ಸಿಂಧೂರ ಬಳಿದ ಒಂದು ಕಲ್ಲು ಇತ್ತು, ವಾಘೋಬಾ, ಪಾಡಾದವರ ಹುಲಿದೇವರು. ಅದರ ಮುಂದೆ ಗುಣಪಾಲನ ಕಾಲು ನಿಂತಿತು. ಊರಿನಲ್ಲಿ ಅವನ ಕುಟುಂಬದ ದೈವ ಪಿಲಿಚಾಮುಂಡಿ. ಹುಲಿಯ ದೈವವನ್ನು ನಂಬಿದವರ ಮನೆಯಲ್ಲಿ ಹುಟ್ಟಿ ಹುಲಿಯ ಜಾತಿಗೆ ವಿಷ ಇಟ್ಟವನು ಇಲ್ಲಿಯವರೆಗೆ ಒಬ್ಬನೂ ಇರಲಿಕ್ಕಿಲ್ಲ. ಬೆಳಗ್ಗೆ ಮನೆಯಿಂದ ಹೊರಡುವಾಗ ಫೋಟೊದ ಮುಂದೆ ನಿಂತವನ ಕೈ ತನ್ನಷ್ಟಕ್ಕೆ ನಿನ್ನೆಯ ಹೂ ತೆಗೆದು ಜೇಬಿಗೆ ಹಾಕಿತ್ತು. ಈಗ ಅದನ್ನು ಕಲ್ಲಿನ ಮೇಲಿಟ್ಟ. "ತಪ್ಪಾಯಿತು ಅಂತ ಹೇಳುವುದಿಲ್ಲ," ಎಂದ. "ಯಾರನ್ನು ತೆಗೆದುಕೊಂಡು ಹೋದೆ ಅಂತ ಒಮ್ಮೆ ನೋಡು." ಅರ್ಧ ನಿಮಿಷದ ಕೆಲಸ. ಆ ಕಲ್ಲಿನ ಮೇಲೆ ಬಾಡಿದ ಗಜರಾ ಹೂಮಾಲೆಗಳ ಒಂದು ರಾಶಿಯೇ ಇತ್ತು; ಹತ್ತರ ಜೊತೆ ಹನ್ನೊಂದು.

ಮೂರು ಗಂಟೆಗೆ ಡೊಂಬಿವಲಿಯ ಕನ್ನಡ ಸಂಘದ ಮೀಟಿಂಗಿನಲ್ಲಿ ಅವನು ವಾರ್ಷಿಕೋತ್ಸವದ ಊಟದ ವಿಷಯಕ್ಕೆ ಮೇಜು ಗುದ್ದುತ್ತಿದ್ದ. "ಕೋಸಂಬರಿ ಇಲ್ಲದ ಊಟ ಊಟವಾ? ಯಾರ ಶ್ರಾದ್ಧ ಮಾಡುತ್ತಿದ್ದೀರಿ?"

"ಗುಣಪಾಲಣ್ಣ, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ?" ಎಂದ ಕಾರ್ಯದರ್ಶಿ ರಂಜನ್. ಎಲ್ಲರೂ ನಕ್ಕರು. ಗುಣಪಾಲನಿಗೆ ಬೇಕಾದದ್ದೂ ಅದೇ. ಅವನು ಜಗಳ ಮಾಡಿದ ದಿನ ಯಾರಿಗೂ ಮರೆಯುವುದಿಲ್ಲ. ಗಮ್‌ಬೂಟು ಕ್ಯಾಂಟೀನಿನ ಭಟ್ಟಿಯಲ್ಲಿ ಬೂದಿಯಾಯಿತು.

ಸೋಮವಾರ ಬೆಳಗ್ಗೆ ನಾಲೆಯ ಪಕ್ಕ ಜನ ಸೇರಿದರು. ಗುಣಪಾಲನೂ ಹೋದ, ಹೋಗದಿದ್ದರೆ ಅನುಮಾನ. ಎರಡು ವರ್ಷ ಅವನ ತಲೆಯೊಳಗೆ ಬೆಳೆದ ಮೃಗ ಎಮ್ಮೆಯಷ್ಟಿತ್ತು. ಇಲ್ಲಿ ಬಿದ್ದದ್ದು ದೊಡ್ಡ ನಾಯಿಯಷ್ಟು. ಪಕ್ಕೆಲುಬು ಎಣಿಸಬಹುದಿತ್ತು. ಮಾನಸಿ ಮಣ್ಣಿನಲ್ಲಿ ಮಂಡಿಯೂರಿ ಅದರ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಅಮ್ಮನ ಕೈಯನ್ನು ಹಿಡಿದುಕೊಂಡದ್ದೂ ಹಾಗೇ. ಗುಣಪಾಲ ಎದೆಯೊಳಗೆ ಸಂತೋಷವನ್ನು ಹುಡುಕಿದ. ಸಿಗಲಿಲ್ಲ. ಆಮೇಲೆ ಬರಬಹುದು ಅಂದುಕೊಂಡ.

"ಟ್ಯಾಂಕರ್‌ವಾಲ್ಯಾಂಚಂ ಪಾಪ ಆಹೇ ಹೇ, ಶೇಠ್," ಎಂದ ಫಾರೆಸ್ಟ್ ಗಾರ್ಡ್ ಸಂದೇಶ, ಟ್ಯಾಂಕರಿನವರ ಪಾಪ ಇದು ಎಂದು. ಗುಣಪಾಲ ತಲೆಯಾಡಿಸಿದ.

ಬುಧವಾರ ವರದಿ ಬಂತು. ನಾಲೆಯಲ್ಲಿದ್ದದ್ದೂ ಚಿರತೆಯ ಹೊಟ್ಟೆಯಲ್ಲಿದ್ದದ್ದೂ ಒಂದೇ. ಪೊಲೀಸರು ಟ್ಯಾಂಕರಿನ ನಂಬರು ಹುಡುಕಲು ಹೊರಟರು. ಗುಣಪಾಲನನ್ನು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬದಲಿಗೆ ಆಡು ಹೋದದ್ದಕ್ಕೆ ಅಯ್ಯೋ ಅಂದರು. ಸಂಜೆ ಅವನೇ ಬಂಗುಡೆ ಮೀನು ತಂದು ಹುಳಿಖಾರದ ಪುಳಿಮುಂಚಿ ಮಾಡಿದ. ಇನ್ನು ಜಗಳಕ್ಕೆ ಕಾರಣವೇ ಉಳಿದಿಲ್ಲ. ತಂದೆ, ಮಗಳು, ಮೂರು ಆಡು. ಮೊದಲಿನಿಂದ ಶುರು ಮಾಡಿದರಾಯಿತು.

ಮಾನಸಿ ಏಳಕ್ಕೆ ಬಂದಳು. ಚಪ್ಪಲಿ ಬಿಚ್ಚಲಿಲ್ಲ. "ಊಟಕ್ಕೆ ಕೂತುಕೋ ಮಗಾ, ಬಂಗುಡೆ ಉಂಟು," ಎಂದ ಗುಣಪಾಲ. ಅವಳು ಹೂವಿಲ್ಲದ ಅಮ್ಮನ ಫೋಟೊವನ್ನು ಒಮ್ಮೆ ನೋಡಿ, ಮುಷ್ಟಿ ಬಿಚ್ಚಿ, ಕಂದಿಹೋದ ಒಂದು ಮಲ್ಲಿಗೆಯ ತುಂಡನ್ನು ತಟ್ಟೆಯ ಪಕ್ಕ ಇಟ್ಟಳು. "ಪಾಡಾದ ಹೆಂಗಸರು ಚಿರತೆ ಸತ್ತದ್ದಕ್ಕೆ ವಾಘೋಬಾನ ಹತ್ತಿರ ಅಳಲಿಕ್ಕೆ ಹೋದರು. ನಾನೂ ಹೋಗಿದ್ದೆ. ಇದು ಅಲ್ಲಿತ್ತು." ಗುಣಪಾಲ ತಟ್ಟೆಗೆ ಅನ್ನ ಬಡಿಸಿದ. "ಇರಬಹುದು. ಅವರು ದಿನಾ ಹೂ ಇಡುತ್ತಾರಲ್ಲ." "ಅವರ ಗಜರಾ ದಾರದಲ್ಲಿ ಕಟ್ಟಿದ್ದು ಪಪ್ಪಾ. ಅಲ್ಲಿದ್ದ ಎಲ್ಲ ಹೂವೂ ದಾರದ್ದೇ. ಇದೊಂದು ಬಾಳೆನಾರು." ಅವಳು ತನ್ನ ಜಡೆಯ ತುದಿಯನ್ನು ಒಮ್ಮೆ ಮುಟ್ಟಿಕೊಂಡಳು. "ಸಂದೇಶ ಪಂಚನಾಮೆ ಬರೆಯುವಾಗ ಇದನ್ನು ಜೇಬಿನಲ್ಲಿ ಅಡಗಿಸಿದೆ. ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ. ಇವತ್ತು ಕೆಲಸಕ್ಕೆ ರಾಜೀನಾಮೆ ಕೊಟ್ಟೆ; ಇದನ್ನು ಅಡಗಿಸಿದವಳು ಆ ಕೆಲಸ ಮಾಡಬಾರದು. ಈ ಮನೆಯಲ್ಲೂ ಇರಲಿಕ್ಕೆ ಆಗುವುದಿಲ್ಲ." ಎಲ್ಲವನ್ನೂ ಲೆಕ್ಕ ಹಾಕಿದ್ದ ಗುಣಪಾಲ, ತಾನೇ ಪ್ರತಿ ಶುಕ್ರವಾರ ಕೊಂಡು ತಂದ ಹೂವಿನ ನಾರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಬ್ಯಾಗು ಹಾಕಿಕೊಂಡು ಅಂಗಳಕ್ಕೆ ಇಳಿದಳು. "ಕತ್ತಲೆ ಉಂಟು, ನಿಲ್ಲು, ಬೀಳುತ್ತೀ!" ಎಂದು ಕೂಗುತ್ತ ಗುಣಪಾಲ ಕೊಟ್ಟಿಗೆಗೆ ಓಡಿ, ತಾನೇ ಸಡಿಲ ಮಾಡಿದ್ದ ಬಲ್ಬನ್ನು ಅರ್ಧ ಸುತ್ತು ಬಿಗಿದ. ಬೆಳಕು ಬಿತ್ತು. ಅಂಗಳ ಪೂರ್ತಿ ಕಂಡಿತು, ಗೇಟಿನವರೆಗೂ ಕಂಡಿತು. ಗೇಟು ತೆರೆದಿತ್ತು. ಅವತ್ತಿನಿಂದ ಆ ಬಲ್ಬು ಹಗಲೂ ಉರಿಯುತ್ತದೆ, ಮಾನಸಿ ಬರಲಿಲ್ಲ.