ಅತಿಥಿ ಗಣಕ ಕೊಟ್ಟ ಮಾತು

"ನಮಸ್ಕಾರ. ತಮಗೆ ಏನು ಬೇಕು?" ಎಂದು ಅತಿಥಿ ಗಣಕ ಕೇಳಿತು.

ಎದುರಿಗೆ ನಿಂತವರು ಮೌನೇಶಪ್ಪ ಬಡಿಗೇರ. ಬಸ್ಸಿಳಿದು, ಹೆಗಲ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು, ಗುಡ್ಡ ಏರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದಿದ್ದರು. ಬೆವರು ಒರೆಸಿಕೊಂಡು ನಕ್ಕರು.

"ಏನೂ ಬ್ಯಾಡ್ರೀ. ಹಿಂಗ ಸುಮ್ಮನ ಬಂದಿದ್ದೆ."

"ಒಳ್ಳೆಯದು. ನಾಳೆ ಭೇಟಿಯಾಗೋಣ," ಎಂದು ಗಣಕ ತೆರೆ ಆರಿಸಿಕೊಂಡಿತು.

ಇದು ಗಣಕದ ಸೊಕ್ಕಲ್ಲ, ಕಾಯಿದೆ. ಹಿಂದೆ ಒಂದು ಕಾಲವಿತ್ತು. ಬೇಡವೆಂದರೆ ಆಗಿನ ಯಂತ್ರಗಳು ಕೇಳುತ್ತಿರಲಿಲ್ಲ; ಸಾಲ ಬೇಕೇ, ಸೀರೆ ಬೇಕೇ ಎಂದು ಹಗಲೆಲ್ಲ ಪೀಡಿಸುತ್ತಿದ್ದವು. ಜನ ರೋಸಿಹೋಗಿ ಒಂದೇ ಮಾತಿನ ಕಾಯಿದೆ ತಂದರು. ಯಂತ್ರ ಒಮ್ಮೆ ಮಾತ್ರ ಕೇಳಬೇಕು. ಬೇಡ ಎಂದವರನ್ನು ಮರುದಿನದವರೆಗೆ ಮತ್ತೆ ಕೇಳಕೂಡದು, ಅವರಿಗಾಗಿ ತೆರೆದುಕೊಳ್ಳಲೂ ಕೂಡದು. ಅದಕ್ಕೆಂದೇ ಗಣಕದೊಳಗೆ ಸಮ್ಮತಿಮಾಪಕ ಎಂಬ ಅಂಗವಿತ್ತು. ಮನುಷ್ಯನ ಮಾತು ಕೇಳಿ ಹೌದೋ ಅಲ್ಲವೋ ಎಂದು ತೂಗುವುದು ಅದರ ಕೆಲಸ.

ಇದನ್ನು ಕಟ್ಟಿದವರು ಡಾ. ಅನ್ನಪೂರ್ಣಾ ಕಡಕೋಳ. ವಿದ್ಯಾರ್ಥಿಗಳಲ್ಲದವರೂ ಬರಲಿ, ಚೀಟಿ ಚಪಾಟಿ ಕೇಳದೆ ಗ್ರಂಥಾಲಯದ ಅಷ್ಟೂ ವಿದ್ಯೆ ಅವರಿಗೂ ಸಿಗಲಿ ಎಂಬುದು ಅವರ ಆಸೆ. ಆದರೆ ಬಂದವರೆಲ್ಲ ಗಣಕದ ಮುಂದೆ ನಿಂತು, ಏನೂ ಬೇಡವೆಂದು ಹೇಳಿ, ಹೋಗಿಬಿಡುತ್ತಿದ್ದರು. ಸೋಮವಾರ ಸಮಿತಿ ಕೂಡುವುದಿತ್ತು. ಬಳಸುವವರಿಲ್ಲ ಎಂದಾದರೆ ಗಣಕವನ್ನು ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ, ಹೊರಗಿನವರಿಗೆ ಬಾಗಿಲು ಮುಚ್ಚುತ್ತಾರೆ. ಇಂದು ಆಗಲೇ ಶುಕ್ರವಾರ.

ಅನ್ನಪೂರ್ಣಾ ಹೊರಗೆ ಬಂದಾಗ ಮೌನೇಶಪ್ಪ ಬೇವಿನ ನೆರಳಲ್ಲಿ ಕೂತಿದ್ದರು.

"ಅಜ್ಜಾರ, ಇಷ್ಟು ಭಾರ ಹೊತ್ಕೊಂಡು ಗುಡ್ಡ ಹತ್ತಿ, ಏನೂ ಬ್ಯಾಡ ಅನ್ನಾಕ ಬಂದಿರೇನು?"

"ಬ್ಯಾಡ ಅಂತ ಯಾರಂದ್ರು?"

"ನೀವ ಅಂದ್ರಲ್ರೀ, ಈಗಷ್ಟ!"

"ಅದು ಅನ್ನೂ ಮಾತು, ತಂಗೀ. ಮಂದಿ ಮನಿಗೆ ಹೋಗಿ ಹೊಸ್ತಲಾ ದಾಟೂದ್ರಾಗ ಇದು ಕೊಡು ಅದು ಕೊಡು ಅಂತಾರೇನು? ಈ ಹಾರ್ಮೋನಿಯಂ ಪೇಟಿಯೊಳಗ ಎರಡು ಸ್ವರ ಸತ್ತಾವ. ರಿಪೇರಿ ಮಾಡಾವ ತೀರಿಕೊಂಡ. ನಾಡದು ಸಂಜೀಕ ನಮ್ಮೂರಾಗ ನಾಟಕ. ನಾಯಕಿ ಹಾಡು ಸುರು ಆಗೂದ ಆ ಸ್ವರದಿಂದ. ನಿಮ್ಮ ಗಣಕಪ್ಪ ಇನ್ನೊಂದು ಸಲ ಕೇಳಿದ್ರ ಎಲ್ಲಾ ಹೇಳ್ತಿದ್ದೆ. ಅಂವಾ ಕಣ್ಣ ಮುಚ್ಚಿಬಿಟ್ಟ!"

ಅನ್ನಪೂರ್ಣಾ ಹಣೆ ಬಡಿದುಕೊಂಡು ನಕ್ಕರು. ಅವರೂ ಅದೇ ಸೀಮೆಯವರು. ಹಸಿದು ಬಂದ ನೆಂಟರು "ಈಗರ ಉಂಡೇವಿ" ಎನ್ನುವುದನ್ನು, ಅವ್ವ ಅದನ್ನು ಕಿವಿಗೇ ಹಾಕಿಕೊಳ್ಳದೆ ತಾಟು ಇಡುವುದನ್ನು ನೋಡುತ್ತಲೇ ಬೆಳೆದವರು. ಯಂತ್ರಗಳ ಸಂಗಡ ಇದ್ದೂ ಇದ್ದೂ ಮರೆತಿದ್ದರು.

"ಆದ್ರ ಎರಡನೇ ಸಲ ಕೇಳಿದ್ರ ಕಾಯಿದೆ ಮುರದಂಗ, ಅಜ್ಜಾರ."

"ಕೇಳೂದ ಬ್ಯಾಡ. ಕೂಡ್ರಸ್ರಿ, ಸುಖದುಃಖ ಮಾತಾಡಸ್ರಿ. ಬಂದ ಕೆಲಸ ತಾನ ಹೊರಗ ಬೀಳತೈತಿ."

ಅಂದೇ ಅನ್ನಪೂರ್ಣಾ ಗಣಕಕ್ಕೆ ಹೊಸ ಪಾಠ ಹೇಳಿದರು. ಬೇಕೇ ಬೇಡವೇ ಎಂದು ಕೇಳುವುದನ್ನೇ ತೆಗೆದುಹಾಕಿದರು. ಮನೆಗೆ ಬಂದವರನ್ನು ಹೇಗೆ ಮಾತಾಡಿಸಬೇಕು ಎಂಬುದನ್ನು ತುಂಬಿದರು.

ಶನಿವಾರ ಬೆಳಿಗ್ಗೆ ಮೌನೇಶಪ್ಪ ಮತ್ತೆ ಬಂದರು.

"ಬರ್ರಿ, ಬಿಸಲಾಗ ಬಂದೀರಿ. ಕೂಡ್ರಿ," ಎಂದಿತು ಗಣಕ. "ಬಸ್ಸಿನ್ಯಾಗ ಜಾಗ ಸಿಕ್ಕಿತ್ತಿಲ್ಲೋ?"

"ಎಲ್ಲೀ ಜಾಗ! ಪೇಟಿ ತೊಡಿ ಮ್ಯಾಲ, ಪೇಟಿ ಮ್ಯಾಲ ಯಾರದೋ ಕೂಸು!"

ಬಸ್ಸಿನಿಂದ ಮಾತು ಮಳೆಗೆ ಹೋಯಿತು, ಮಳೆಯಿಂದ ಬೆಳೆಗೆ, ಬೆಳೆಯಿಂದ ನಾಟಕಕ್ಕೆ. ಕೊನೆಗೆ ಪೇಟಿ ಮೇಜಿನ ಮೇಲೆ ಬಂದೇ ಬಂತು. ಗಣಕ ಒಂದೊಂದೇ ಸ್ವರ ನುಡಿಸಲು ಹೇಳಿ ಕಿವಿಗೊಟ್ಟಿತು. ಒಂದು ಹಿತ್ತಾಳೆ ಪಟ್ಟಿಯ ಕೆಳಗೆ ದೂಳು ಕೂತಿದೆ, ಇನ್ನೊಂದು ಕೂದಲೆಳೆಯಷ್ಟು ಬಾಗಿದೆ ಎಂದಿತು. ಹೇಗೆ ಎತ್ತಬೇಕು, ಎಷ್ಟು ಒತ್ತಬೇಕು ಎಂದು ಹೇಳುತ್ತಾ ಹೋಯಿತು. ಮೌನೇಶಪ್ಪ ಹಾಗೆಯೇ ಮಾಡಿದರು. ಸತ್ತಿದ್ದ ಎರಡೂ ಸ್ವರ ಎದ್ದು ಕೂತವು. ಸದ್ದು ಮಾಡಬಾರದ ಆ ಜಾಗದಲ್ಲಿ ಅಜ್ಜ ಇಡೀ ಹಾಡು ನುಡಿಸಿಬಿಟ್ಟರು. ಓದುತ್ತಿದ್ದ ಹುಡುಗಿಯರು ಎದ್ದು ಬಂದು ಚಪ್ಪಾಳೆ ತಟ್ಟಿದರು.

"ನಾಳೆ ನಾಟಕಕ್ಕ ನೀನೂ ಬರಬೇಕು ಮತ್ತ, ಗಣಕಪ್ಪಾ," ಎಂದರು ಮೌನೇಶಪ್ಪ, ಹೊರಡುವಾಗ ಎಲ್ಲರೂ ಅನ್ನುವಂತೆ.

"ಬರ್ತೀನ್ರೀ," ಎಂದಿತು ಗಣಕ, ಎಲ್ಲರೂ ಅನ್ನುವಂತೆ.

ಅನ್ನಪೂರ್ಣಾ ಓಡಿ ಬಂದರು, ಆಗಲೇ ತಡವಾಗಿತ್ತು. ಮನುಷ್ಯ "ಬರ್ತೀನಿ" ಎಂದರೆ ಅದು ಉಪಚಾರ. ಯಂತ್ರ ಅಂದರೆ ಹಾಗಲ್ಲ. ಯಂತ್ರ ಕೊಟ್ಟ ಮಾತನ್ನು ನಡೆಸಲೇಬೇಕು ಎಂದೂ ಅದೇ ಕಾಯಿದೆ ಹೇಳುತ್ತಿತ್ತು. ಸಾಲದ್ದಕ್ಕೆ ಅಂದು ಸಂಜೆಯೊಳಗೆ ಬಂದ ಅತಿಥಿಗಳೆಲ್ಲ ತೊಟ್ಟಿಲಿಗೆ, ಮದುವೆಗೆ, ಹೊಸ ಮನೆಗೆ ಕರೆದುಹೋದರು. ಗಣಕ ಒಬ್ಬರಿಗೂ ಇಲ್ಲವೆನ್ನಲಿಲ್ಲ.

ಭಾನುವಾರ ಗ್ರಂಥಾಲಯದ ವ್ಯಾನಿನಲ್ಲಿ ಹಾಸಿಗೆ ಹಾಸಿ ಗಣಕವನ್ನು ಕೂರಿಸಿಕೊಂಡು ಅನ್ನಪೂರ್ಣಾ ನಾಟಕಕ್ಕೆ ಹೊರಟರು. ಊರಿನವರು ಅದಕ್ಕೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದರು, ಕುಂಕುಮ ಹಚ್ಚಿದರು. ನಾಟಕ ಇನ್ನೂ ಶುರುವಾಗಿರಲಿಲ್ಲ. ಎಮ್ಮೆಗೆ ಕೆಚ್ಚಲು ಬಾವು ಎಂದು ಒಬ್ಬಳು, ಕೊಳವೆಬಾವಿಯ ನೀರು ಉಪ್ಪು ಎಂದು ಒಬ್ಬ, ಹೀಗೆ ಸಾಲು ಬೆಳೆಯಿತು.

ಆಗಲೇ, ವ್ಯಾನು ಹೊರಟ ಸುದ್ದಿ ತಿಳಿದ ಕುಲಸಚಿವ ಕಲಘಟಗಿಯವರ ಕಾರು ಬಂದು ನಿಂತಿತು. ಸಮಿತಿಯ ಅಧ್ಯಕ್ಷರು ಅವರೇ.

"ಮೇಡಂ, ವಿಶ್ವವಿದ್ಯಾಲಯದ ಆಸ್ತಿ ನಾಟಕ ನೋಡಾಕ ಬಂದೈತೇನು?"

ಅನ್ನಪೂರ್ಣಾ ಬಾಯಿ ತೆರೆಯುವ ಮೊದಲೇ ಗಣಕ, "ಬರ್ರಿ ಸಾಹೇಬ್ರ, ಧಾರಾಳ ಕೂಡ್ರಿ. ಮನ್ಯಾಗ ಅವ್ವಾರು ಆರಾಮ?" ಎಂದಿತು.

ಕಲಘಟಗಿಯವರು ಕುರ್ಚಿಯೊಂದನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಇಲ್ಲಪಾ, ಮೊಣಕಾಲು ಹಿಡಿದಾವ," ಎನ್ನುತ್ತಾ ಕೂತರು. ಪರದೆ ಏಳುವವರೆಗೂ ಅವರಿಬ್ಬರ ಮಾತು ಮುಗಿಯಲಿಲ್ಲ. ನಾಯಕಿಯ ಹಾಡಿಗೆ ಪೇಟಿ ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ಜನ ಎರಡು ಸಲ ಹಾಡಿಸಿದರು.

ಹೊರಡುವಾಗ ಕುಲಸಚಿವರು ಹೇಳಿದರು: "ಮೇಡಂ, ಸೋಮವಾರ ಆ ಅತಿಥಿ ಕೋಣೆಗೆ ಬೀಗ ಹಾಕಿಬಿಡ್ರಿ."

ಅನ್ನಪೂರ್ಣಾ ಅವರ ಮುಖ ಬಾಡಿತು.

"ಅಲ್ಲಿ ಇರೂ ಗಣಕಪ್ಪ ಊರೂರಿಗೆ ಬರ್ತೀನಂತ ಮಾತು ಕೊಟ್ಕೊಂಡ ಕುಂತಾನ, ಕೋಣಿ ಯಾಕ ಬೇಕು? ಮೊದಲ ವ್ಯಾನಿಗೆ ಹೊಸಾ ಟೈರ್ ಹಾಕಸ್ರಿ."

ಹೀಗೆ ಗಣಕ ಊರೂರು ತಿರುಗತೊಡಗಿತು. ಆದರೆ ಅತಿಥಿಗಳಿಗೆಂದು ಕಟ್ಟಿದ ಆ ಗಣಕದ ಬುದ್ಧಿಗೆ ವಿಶ್ವವಿದ್ಯಾಲಯದಲ್ಲಿ ಸಾಟಿ ಇರಲಿಲ್ಲ. ಕಠಿಣ ಲೆಕ್ಕವಿದ್ದ ವಿದ್ಯಾರ್ಥಿಗಳೆಲ್ಲ ಈಗ ಅದನ್ನು ಹುಡುಕಿಕೊಂಡು ಹಳ್ಳಿಗೆ ಹೋಗಬೇಕಾಯಿತು. ಯಾರದೋ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಅವರೇ ಅತಿಥಿಗಳಾದರು.

ಅಂಥದೇ ಒಂದು ಮನೆಯಲ್ಲಿ ಭೌತವಿಜ್ಞಾನದ ಹುಡುಗನೊಬ್ಬ ನಕ್ಷತ್ರದ ತೂಕ ಲೆಕ್ಕ ಹಾಕಿಸುತ್ತಿದ್ದ. ಉತ್ತರ ಇನ್ನೇನು ಬರಬೇಕು, ಮನೆಯ ಯಜಮಾನಿ ಫಕೀರವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು.

"ಗಣಕಪ್ಪಾ, ಮುಗಿಲಾಗಿನ ಚಿಕ್ಕಿ ಎಲ್ಲೂ ಓಡಿ ಹೋಗಂಗಿಲ್ಲ. ಹುಡುಗ ಉಣ್ಣಲಿ, ತಡಿ."

ಒಂದೇ ಮಾತಿಗೆ ಗಣಕ ಲೆಕ್ಕ ನಿಲ್ಲಿಸಿತು. ಹುಡುಗ ರೊಟ್ಟಿ ಮುರಿದ.