ಹಾಲವ್ವನ ಮನೆಯ ಕಾಡುಪಾಪ

ಬಹಳ ಬಹಳ ಹಿಂದೆ, ಬೆಟ್ಟಕ್ಕೂ ಬೆಟ್ಟಕ್ಕೂ ಮಾತುಕತೆ ಇದ್ದ ಕಾಲದಲ್ಲಿ, ಕುಂತಳಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಚಂದ್ರ ಹುಟ್ಟುತ್ತಿರಲಿಲ್ಲ. ಹುಣ್ಣಿಮೆ ಬಂದರೂ ಆಕಾಶ ಬೋಳಾಗಿಯೇ ಇರುತ್ತಿತ್ತು. ರಾಜನೇನು ಮಾಡಿದ? ಅರಮನೆಯ ಸುತ್ತ ಪಂಜು ಹಚ್ಚಿಸಿ, ಚಂದ್ರನಿಗಿಂತ ಇದೇ ಚೆಂದ ಎಂದು ಹೊಗಳುಭಟರಿಂದ ಹೇಳಿಸಿಕೊಂಡು ತಣ್ಣಗೆ ಮಲಗಿದ. ರಾಜರ ಸಂಗತಿ ಬಿಡಿ. ನಮ್ಮ ಕತೆ ಇರುವುದು ಕಾಡಂಚಿನ ಒಂದು ಕಂಬಳಿ ನೇಯುವವರ ಮನೆಯಲ್ಲಿ.

ಆ ಮನೆಯಲ್ಲಿ ಮಾಳಿಂಗ, ಅವನ ಹೆಂಡತಿ ಹಾಲವ್ವ, ಅವನ ತಾಯಿ ಕೆಂಚವ್ವ ಇದ್ದರು. ಕೆಂಚವ್ವ ಉಣ್ಣೆ ಹಿಂಜುವಳು, ಹಾಲವ್ವ ನೂಲುವಳು, ಮಾಳಿಂಗ ನೇಯುವನು. ಮೂವರ ಕೈತುಂಬ ಕೆಲಸವಿತ್ತು, ಹಾಲವ್ವನ ಮಡಿಲು ಮಾತ್ರ ಖಾಲಿ ಇತ್ತು. ಮದುವೆಯಾದ ವರ್ಷ ತೊಟ್ಟಿಲಿಗೆಂದು ನೇಯ್ದ ಪುಟ್ಟ ಕಂಬಳಿ ಮಡಿಕೆ ಬಿಚ್ಚದೆ ಬಟ್ಟೆ ಹಾಕುವ ಗಳುವಿನ ಮೇಲೇ ಉಳಿದಿತ್ತು. ಮಗುವೊಂದು ಬೇಕೆಂಬ ಆಸೆ ಹಾಲವ್ವನನ್ನು ಒಳಗೊಳಗೇ ಸುಡುತ್ತಿತ್ತು.

ಒಂದು ಮುಂಜಾನೆ ಅವಳು ಉಣ್ಣೆ ತೆಗೆಯಹೋದಾಗ ರಾಶಿಯೊಳಗೆ ಎರಡು ಕಣ್ಣು ಕಂಡವು. ಮೈ ನೋಡಿದರೆ ಮುಷ್ಟಿಯಷ್ಟು, ಮುಖದ ತುಂಬ ಕಣ್ಣೇ ಕಣ್ಣು, ಕಡ್ಡಿಯಂಥ ಕಾಲು, ಒಂದು ಕಾಲಿಗೆ ಗಾಯ. ಹಾಲವ್ವ ಬೆರಳು ಚಾಚಿದಳು. ಅದು ಪುಟ್ಟ ಕೈಯಿಂದ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಷ್ಟಕ್ಕೇ ಹಾಲವ್ವನ ಕರುಳು ಚುರುಕ್ಕೆಂದಿತು.

“ಕಾಡುಪಾಪ ಕಣವ್ವ!” ಎಂದಳು ಕೆಂಚವ್ವ. “ಚಂದ್ರ ದಾರಿ ನೋಡಿಕೊಳ್ಳೋದು ಇವುಗಳ ಕಣ್ಣಾಗೆ. ಧೂಮಜಂಘ ಅನ್ನೋ ಮಾಂತ್ರಿಕ ಎಲ್ಲವನ್ನೂ ಹಿಡಿದು ಕಬ್ಬಿಣದ ಪಂಜರಕ್ಕೆ ಹಾಕ್ಯಾನೆ. ಬೆಳದಿಂಗಳಾಗೆ ಅವನ ಮಾಟ ನಡೆಯಾಕಿಲ್ಲ, ಅದಕ್ಕೆ. ತಪ್ಪಿಸಿಕೊಂಡಿರೋದು ಈ ಮರಿ ಒಂದೇ. ಇದರ ಒಂದು ಹನಿ ಕಣ್ಣೀರು ಅವನ ಮಾಟದ ಕುಡಿಕೆಗೆ ಬಿತ್ತೋ, ಚಂದ್ರ ಇನ್ನು ಯಾವತ್ತೂ ಹುಟ್ಟಾಕಿಲ್ಲ.”

“ಹಂಗಾದ್ರೆ ನಮ್ಮ ಮನೆಯಾಗೇ ಇಟ್ಕೊಳ್ಳಾನ ಅತ್ತೆ.”

“ಗಾಯ ಮಾಯೋಗಂಟ ಇಟ್ಕೊಳ್ಳಾನ. ಆಮ್ಯಾಲೆ ಕಾಡಿಗೆ ಬಿಡಬೇಕು. ಇನ್ನೊಂದು ಮಾತು, ಇದರ ಮುಂದೆ ಯಾರೂ ಅಳಂಗಿಲ್ಲ. ಅಳೋರನ್ನ ಕಂಡ್ರೆ ಇದೂ ಅಳ್ತೈತೆ.”

ಮಾಳಿಂಗ ಹೊಲದ ಬದುವಿನಲ್ಲಿ ಬಿದ್ದು ಎದ್ದು ಮಿಡತೆ ಹಿಡಿದು ತಂದ. ಕಾಡುಪಾಪ ಎರಡೂ ಕೈಯಲ್ಲಿ ಹಿಡಿದು ಕಟುಂ ಕಟುಂ ಎಂದು ತಿಂದಿತು. ಹಗಲೆಲ್ಲ ಹಾಲವ್ವನ ಮಡಿಲಲ್ಲಿ ಉಂಡೆಯಾಗಿ ನಿದ್ದೆ ಮಾಡುತ್ತಿತ್ತು. ಸಂಜೆಯಾದರೆ ಕಿಟಕಿಯ ಸರಳು ಹಿಡಿದು ಕಾಡನ್ನೇ ನೋಡುತ್ತ ಕೂರುತ್ತಿತ್ತು. ಅದು ಕಾಡನ್ನು ನೋಡುತ್ತಿತ್ತು, ಹಾಲವ್ವ ಅದನ್ನು ನೋಡುತ್ತಿದ್ದಳು. ಗಾಯ ಎಂದೋ ಮಾಯ್ದಿತ್ತು. ಆದರೂ ಅವಳು ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ಗಟ್ಟಿಮುಟ್ಟಾದ ಕಾಲಿಗೆ ಹೊಸ ಬಟ್ಟೆ ಸುತ್ತಿ, “ಇನ್ನೂ ಹಸಿ ಐತೆ ಅತ್ತೆ” ಎನ್ನುವಳು. ಹಾಗೆ ತಡವಾಗುವಷ್ಟರಲ್ಲಿ ಸುದ್ದಿ ಧೂಮಜಂಘನ ಕಿವಿಗೆ ಬಿತ್ತು.

ಕಂಬಳಿ ನೇಯುವವರಲ್ಲಿ ಒಂದು ಕಟ್ಟಳೆ. ಬಾಗಿಲಲ್ಲಿ ನಡುಗುತ್ತ ನಿಂತವರಿಗೆ ಮೊದಲು ಕಂಬಳಿ ಹೊದಿಸಬೇಕು, ಹೆಸರು ಆಮೇಲೆ ಕೇಳಬೇಕು. ಮಾಂತ್ರಿಕ ಇದನ್ನು ಚೆನ್ನಾಗಿ ಬಲ್ಲ.

ಮೊದಲ ಸಲ ಮುದುಕನಾಗಿ ಗಡಗಡ ನಡುಗುತ್ತ ಬಂದ. ಹಾಲವ್ವ ಕಂಬಳಿ ಹೊದಿಸಿ ಒಳಗೆ ಕೂರಿಸಿದಳು. ಅವನು ಕಂಬಳಿಯಲ್ಲಿ ಬಾಯಿ ಮರೆಮಾಡಿಕೊಂಡು ತಾಯಿ ಕಾಡುಪಾಪದ ದನಿ ತೆಗೆದ. ಮರಿ ಕಿವಿ ನಿಮಿರಿಸಿತು, ಅದರ ಕಣ್ಣು ತುಂಬಿ ಬಂತು. ಮುದುಕ ಕುಡಿಕೆ ಹಿಡಿದು ಎದ್ದ. ಹಾಲವ್ವ ಓಡಿಬಂದು ಹಿಂಜಿದ ಉಣ್ಣೆಯಿಂದ ಕಣ್ಣೊತ್ತಿ, ಬೆರಳು ಕೊಟ್ಟು, “ನಾನಿಲ್ವಾ ಮಗಾ?” ಎಂದಳು. ಅದು ಬೆರಳು ಹಿಡಿದು ಸುಮ್ಮನಾಯಿತು. ಮುದುಕ ಹೊಗೆಯಾಗಿ ಹೋದ.

ಎರಡನೆಯ ಸಲ ಬಸುರಿ ಹೆಂಗಸಾಗಿ ನಡುಗುತ್ತ ಬಂದ.

“ಬ್ಯಾಡ ಕಣೆ, ಅವನೇ ಇರಬೇಕು!” ಎಂದ ಮಾಳಿಂಗ.

“ಅವನಲ್ಲದಿದ್ರೆ? ನಡುಗೋರಿಗೆ ಹೊದಿಸದ ಮ್ಯಾಲೆ ನಾವು ಯಾಕೆ ನೇಯಬೇಕು?” ಎಂದು ಹಾಲವ್ವ ಕಂಬಳಿ ಹೊದಿಸಿಯೇಬಿಟ್ಟಳು.

ಅವನೇ ಆಗಿದ್ದ. ಸೆರಗಿನ ಗಂಟು ಬಿಚ್ಚಿದ, ಮನೆಯೆಲ್ಲ ಕಾಡಿನ ಹಸಿ ತೊಗಟೆಯ ವಾಸನೆ. ಮರಿ ಕಿಟಕಿಗೆ ಹಾರಿ ಸರಳು ಅಲುಗಾಡಿಸಿತು, ಮತ್ತೆ ಕಣ್ಣು ತುಂಬಿತು. ಈ ಸಲ ಕೆಂಚವ್ವ ಒಲೆಗೆ ಒಣಮೆಣಸಿನಕಾಯಿ ಎಸೆದಳು. ಘಾಟಿಗೆ ಕಾಡಿನ ವಾಸನೆ ಮುಚ್ಚಿಹೋಯಿತು. ಹಾಲವ್ವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹಿತ್ತಲಿಗೆ ಓಡಿದಳು. ಬಸುರಿ ಹೆಂಗಸು ಸೀನುತ್ತ ಸೀನುತ್ತ ಹೊಗೆಯಾಗಿ ಹೋದಳು.

ಮೂರನೆಯ ಸಲ ಧೂಮಜಂಘ ತನ್ನ ರೂಪದಲ್ಲೇ ಬಂದ. ಅವನು ನಡುಗುತ್ತಿರಲಿಲ್ಲ. ಅವನ ಕೈಯಲ್ಲಿ ಹಸುಗೂಸೊಂದು ಬರಿಮೈಯಲ್ಲಿ ನಡುಗುತ್ತಿತ್ತು.

ಹಾಲವ್ವ ಗಳುವಿನಿಂದ ಪುಟ್ಟ ಕಂಬಳಿ ತೆಗೆದು ಕೂಸಿಗೆ ಸುತ್ತಿ ಎತ್ತಿಕೊಂಡಳು. ಕೂಸು ಅವಳ ಎದೆಗೆ ಮುಖ ಒತ್ತಿತು. ಪಕ್ಕದ ಉಣ್ಣೆಯ ರಾಶಿಯ ಮೇಲಿದ್ದ ಕಾಡುಪಾಪ ಕೈಚಾಚಿ ಅವಳ ಬೆರಳು ಹಿಡಿದುಕೊಂಡಿತು.

“ನಿನ್ನದೇ ತಾಯಿ, ಇಟ್ಟುಕೋ” ಎಂದ ಮಾಂತ್ರಿಕ. “ಆ ಕಾಡುಮೃಗದ ಕೈಯಿಂದ ಬೆರಳು ಬಿಡಿಸಿಕೊ, ಅಷ್ಟು ಸಾಕು. ಅದು ಅಳುತ್ತದೆ. ನನಗೊಂದು ಹನಿ, ನಿನಗೊಂದು ಮಗು. ಚಂದ್ರ ನಿನಗೇನು ಕೊಟ್ಟಿದ್ದಾನೆ?”

ಹೌದು, ಚಂದ್ರ ಏನು ಕೊಟ್ಟಿದ್ದ? ಹಾಲವ್ವ ಬೆರಳು ಎಳೆದುಕೊಂಡಳು. ಸುಳ್ಳು ಹೇಳಿ ಏನು ಪ್ರಯೋಜನ, ಎಳೆದೇ ಎಳೆದಳು. ಕಾಡುಪಾಪ ತಲೆಯೆತ್ತಿ ಅವಳನ್ನು ನೋಡಿತು. ಅದರ ಕಣ್ಣೊಳಗೆ ಒಂದು ಕಬ್ಬಿಣದ ಪಂಜರ ಕಂಡಿತು. ಪಂಜರದ ಮೂಲೆಯಲ್ಲಿ ಒಂದು ತಾಯಿ ಖಾಲಿ ಕೈ ಮಡಚಿಕೊಂಡು ಕೂತಿತ್ತು. ಆ ಕೂರುವ ರೀತಿ ಹಾಲವ್ವನಿಗೆ ಚೆನ್ನಾಗಿ ಗೊತ್ತು. ಅವಳೂ ಎಷ್ಟೋ ಸಂಜೆ ಹಾಗೇ ಕೂತಿದ್ದಳು.

ಅವಳು ಕೂಸನ್ನು ಉಣ್ಣೆಯ ಮೇಲೆ ಮಲಗಿಸಿ, ಕಾಡುಪಾಪವನ್ನು ಬಾಚಿ ಎದೆಗೊತ್ತಿಕೊಂಡಳು. ತಡೆಯಲಾಗಲಿಲ್ಲ, ಅಳು ಬಂದೇಬಿಟ್ಟಿತು. ಅವಳನ್ನು ಕಂಡು ಮರಿಯ ಕಣ್ಣೂ ತುಂಬಿತು. “ಬಿತ್ತು!” ಎಂದು ಮಾಂತ್ರಿಕ ಆತುರದಲ್ಲಿ ಕುಡಿಕೆ ಒಡ್ಡಿದ. ಮೊದಲು ಬಿದ್ದದ್ದು ಹಾಲವ್ವನ ಕಣ್ಣೀರು. ಅಷ್ಟು ವರ್ಷದಿಂದ ಒಳಗೇ ಕಾದಿದ್ದ ಆ ಹನಿಯ ಬಿಸಿಗೆ ಮಾಟದ ಕುಡಿಕೆ ಟಪ್ಪೆಂದು ಒಡೆಯಿತು. ಕುಡಿಕೆಯ ಜತೆ ಮಾಟ, ಮಾಟದ ಜತೆ ಮಾಂತ್ರಿಕ, ಎಲ್ಲ ಬೂದಿಯಾಯಿತು. ದೂರದಲ್ಲಿ ಕಬ್ಬಿಣದ ಪಂಜರಗಳು ತಾವೇ ತೆರೆದುಕೊಂಡವು.

ಹಾಲವ್ವ ಕೂಸಿನ ಕಡೆ ತಿರುಗಿದಳು. ಪುಟ್ಟ ಕಂಬಳಿಯೊಳಗೆ ಒಂದಿಷ್ಟು ಹೊಗೆ ಇತ್ತು. ಅದೂ ಕರಗಿತು.

ಕೆಂಚವ್ವ ಸೊಸೆಯ ಪಕ್ಕ ಬಂದು ಕೂತು ತಲೆ ಸವರಿದಳು. “ಕಾಲಿನ ಬಟ್ಟೆ ಬಿಚ್ಚು ಮಗಳೇ. ಗಾಯ ಮಾಯ್ದದ್ದು ನನಗೂ ಗೊತ್ತಿತ್ತು. ನಿನ್ನ ಮುಖ ನೋಡಿ ಸುಮ್ಕಿದ್ದೆ.”

ಸಂಜೆ ಮೂವರೂ ಕಾಡಿನ ಅಂಚಿಗೆ ಹೋದರು. ಮರಿಯನ್ನು ಕೊಂಬೆಯ ಮೇಲೆ ಬಿಟ್ಟರೆ ಅದು ಹಾಲವ್ವನ ಬೆರಳು ಬಿಡಲೊಲ್ಲದು. ಎಲೆಗಳ ನಡುವೆ ಅದರ ತಾಯಿ ಕಾಯುತ್ತಿತ್ತು. ಹಾಲವ್ವ ಆ ಎಳೆಯ ಬೆರಳುಗಳನ್ನು ತಾನೇ ಒಂದೊಂದಾಗಿ ಬಿಡಿಸಿದಳು. “ಹೋಗು ಕಂದಾ, ನಿಮ್ಮವ್ವ ಕರೀತಾಳೆ.” ಅದು ನಿಧಾನಕ್ಕೆ, ತುಂಬ ನಿಧಾನಕ್ಕೆ ಹತ್ತಿಹೋಯಿತು.

ಆಗ ಕಾಡಿನ ತುಂಬ ಕಣ್ಣುಗಳು ತೆರೆದವು, ಬೆಟ್ಟದ ಹಿಂದಿನಿಂದ ಚಂದ್ರ ದಾರಿ ಹುಡುಕಿಕೊಂಡು ಬಂದ. ಊರೂರಲ್ಲಿ ಜನ ಅಂಗಳಕ್ಕೆ ಬಂದು ಕೇಕೆ ಹಾಕಿದರು. ಇದೆಲ್ಲ ತನ್ನಿಂದಲೇ ಆಯಿತೆಂದು ರಾಜ ಡಂಗುರ ಹೊಡೆಸಿದ.

ಕುಂತಳಗಿರಿಯ ಜನ ಬೆಳದಿಂಗಳಲ್ಲಿ ಉಂಡು, ಹಾಡಿ, ಸುಖವಾಗಿ ಬಾಳಿದರು. ಹಾಲವ್ವನೂ ಸುಖವಾಗಿದ್ದಳೇ ಎಂದರೆ, ಇದ್ದಳು. ಗಂಡ ಒಳ್ಳೆಯವನು, ಅತ್ತೆ ತಾಯಿಯಂಥವಳು. ಆದರೆ ಹುಣ್ಣಿಮೆಯ ಸಂಜೆ ಚಂದ್ರ ಹುಟ್ಟುವಾಗ ಅವಳು ಕಾಡಿನ ಕಡೆ ಮುಖ ಮಾಡಿ ನಿಂತು, ಯಾರಿಗೂ ಕೇಳದ ಹಾಗೆ ಒಂದೇ ಮಾತು ಕೇಳುತ್ತಿದ್ದಳು: “ಉಂಡೆಯಾ ಮಗಾ?”